ಹಾಯಿದೋಣಿಯ ಒಳಗಿನ ತೇಗಕ್ಕೆ ಪಾಲಿಶ್ ಹೊಡೆಸಬಹುದಾ?

ಪಣಜಿ ಹುಡುಗ:
ಗೆಳೆಯನ ಜೊತೆ ಸೇರಿ ಹಳೆಯ 26 ಅಡಿ ಹಾಯಿದೋಣಿ ಕೊಂಡಿದ್ದೇನೆ. ಈಗ ಮಾಂಡೋವಿಯಲ್ಲಿದೆ. ಒಳಗೆಲ್ಲಾ ತೇಗದ ಪ್ಲೈವುಡ್. ಕಿಟಕಿ ಕೆಳಗೆ ಕಪ್ಪು ಕಲೆ, ಹಳೇ ವಾರ್ನಿಶ್ ಸಿಪ್ಪೆ ಏಳುತ್ತಿದೆ. ಮೆಶಿನ್‌ನಲ್ಲಿ ಉಜ್ಜಿ ಅರಗಿನ ಪಾಲಿಶ್ ಹೊಡೆಯೋಣ ಅಂತಾನೆ ಬಡಗಿ. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು. ಸರಿ ಹೋಗುತ್ತಾ?

ವಾಸ್ಕೋ ರಾಯರು:
ಮೆಶಿನ್ ಬೇಡವೇ ಬೇಡ ತಮ್ಮಾ. ಮೇಲಿನ ತೇಗದ ಪದರ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಕೈಯಲ್ಲೇ 220 ನಂಬರಿನ ಪಾಲಿಶ್ ಪೇಪರ್ ಹಿಡಿದು, ಎಳೆಯ ನೇರಕ್ಕೆ ಉಜ್ಜಿ. ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ಹಚ್ಚಿ. ಕೈಗವಸು, ಮಾಸ್ಕ್ ಇರಲಿ, ಅದು ವಿಷ. ಆಮೇಲೆ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ. ಅರಗಿನ ಪಾಲಿಶ್ ಮನೆ ಬೀರುವಿಗೆ ಚೆಂದ, ದೋಣಿಯಲ್ಲಿ ನೀರು ತಾಗಿದರೆ ಬೆಳ್ಳಗಾಗುತ್ತದೆ. ದೋಣಿಗೆಂದೇ ಬರುವ ವಾರ್ನಿಶ್ ತನ್ನಿ. ತೇಗದಲ್ಲಿ ಎಣ್ಣೆ ಜಾಸ್ತಿ ಅಲ್ವಾ, ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸಿ. ಮೊದಲ ಕೋಟ್ ತೆಳು. ಕೋಟುಗಳ ನಡುವೆ 320 ನಂಬರಿನ ಪೇಪರಲ್ಲಿ ಉಜ್ಜಿ. ಕೊನೆಯದಕ್ಕೆ ಸ್ಯಾಟಿನ್, ಅಂದರೆ ಮಂದ ಹೊಳಪಿನದು ಸಾಕು. ಪೂರ್ತಿ ಹೊಳಪಿನದು ಹಾಕಿದರೆ ಒಂದೊಂದು ಗೀರೂ ಎದ್ದು ಕಾಣುತ್ತದೆ.

ಮಡಗಾಂವ್ ಅಕ್ಕ:
ರಾಯರೇ, ಕಲೆ ಯಾಕೆ ಬಂತು ಅಂತ ಯಾರೂ ಕೇಳಲೇ ಇಲ್ವಲ್ಲ! ಮೊದಲು ಕಿಟಕಿಗೆ ಹೊರಗಿನಿಂದ ನೀರು ಬಿಟ್ಟು ನೋಡಿ. ಸೋರಿದರೆ ಚೌಕಟ್ಟು ಬಿಚ್ಚಿ ಹೊಸ ಸೀಲೆಂಟ್ ಹಾಕಿ. ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ. ಇನ್ನೊಂದು, ಥಿನ್ನರ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ನಿಲ್ಲುತ್ತದೆ. ಎಲ್ಲಾ ಬಾಗಿಲು ತೆರೆದಿಡಿ, ಬಡಗಿಯ ಬೀಡಿ ದಡದಲ್ಲೇ ಇರಲಿ.