ದಿವಾನ್: ಕಚೇರಿಯೋ, ಕವಿತೆಯ ಕಟ್ಟೋ?

ಗೆಳೆಯರೇ, ನಮಸ್ಕಾರ.

ಒಂದು ಪದ ಹದಿನೈದು ದಿನದಿಂದ ತಲೆ ತಿನ್ನುತ್ತಿದೆ. ಅಫ್ಘಾನಿಸ್ತಾನದ ಕವಿ ಖಲೀಲುಲ್ಲಾ ಖಲೀಲಿ (1907–1987) ಬಗ್ಗೆ ಒಂದು ಪುಟ್ಟ ಬರಹ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದ್ದೆ. ಅದರಲ್ಲಿ ‘ಖಲೀಲಿಯವರ ದಿವಾನ ಅಚ್ಚಾಗಿದೆ’ ಎಂಬ ಸಾಲಿತ್ತು. ಕರಡು ತಿದ್ದಿದವರು ಅದನ್ನು ‘ಖಲೀಲಿಯವರ ದಿವಾನರು’ ಎಂದು ಮಾಡಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಅಚ್ಚಾಗಿದ್ದಾರೆ??’ ಎಂದು ಎರಡು ಪ್ರಶ್ನೆಚಿಹ್ನೆ ಇಟ್ಟು ವಾಪಸ್ ಕಳಿಸಿದ್ದಾರೆ. ನಗು ಬಂತು. ಆದರೆ ತಪ್ಪು ಅವರದ್ದಲ್ಲ. ದಿವಾನ ಅಂದ ಕೂಡಲೇ ನಮಗೆ ಪೇಟ ಸುತ್ತಿದ ಪೂರ್ಣಯ್ಯನವರೋ ವಿಶ್ವೇಶ್ವರಯ್ಯನವರೋ ಕಣ್ಮುಂದೆ ಬರುತ್ತಾರೆ, ಅಲ್ವಾ?

ಫಾರ್ಸಿಯಲ್ಲಿ ಈ ಪದಕ್ಕೆ ಎರಡು ಮುಖ. ಒಂದು ಸರ್ಕಾರಿ ಕಚೇರಿ, ದರ್ಬಾರು. ಇನ್ನೊಂದು ಒಬ್ಬ ಕವಿಯ ಕವಿತೆಗಳೆಲ್ಲ ಸೇರಿದ ಕಟ್ಟು. ಫಾರ್ಸಿ ಕವಿ ಹಾಫಿಜನ ದಿವಾನ್ ಅಂದರೆ ಹಾಫಿಜನ ಮಂತ್ರಿ ಅಲ್ಲ, ಅವನ ಗಜಲುಗಳ ಕಟ್ಟು. ಅದರಲ್ಲಿ ಗಜಲುಗಳನ್ನು ಬರೆದ ಕಾಲದ ಪ್ರಕಾರ ಜೋಡಿಸುವುದಿಲ್ಲ. ಪ್ರಾಸದ ಕೊನೆಯ ಅಕ್ಷರ ನೋಡಿ, ಅಕ್ಷರಮಾಲೆಯ ಕ್ರಮದಲ್ಲಿ ಇಡುತ್ತಾರೆ. ಥೇಟ್ ಗುಮಾಸ್ತೆ ರಿಜಿಸ್ಟರ್ ಇಟ್ಟ ಹಾಗೆ.

ಮೂಲದಲ್ಲಿ ಇದು ರಿಜಿಸ್ಟರೇ. ಖಲೀಫ ಉಮರ್ ಕಾಲದಲ್ಲಿ ದಿವಾನ್ ಅಂದರೆ ಸೈನಿಕರ ಹೆಸರು, ಅವರಿಗೆ ಸಲ್ಲಬೇಕಾದ ಹಣ ಬರೆದಿಟ್ಟ ಪಟ್ಟಿ. ಆ ಪಟ್ಟಿ ಇಟ್ಟ ಕೋಣೆಗೂ ಅದೇ ಹೆಸರಾಯಿತು. ನಮ್ಮಲ್ಲಿ ಬರುವಷ್ಟರಲ್ಲಿ ಕೋಣೆಯಲ್ಲಿ ಕೂತ ಮನುಷ್ಯನೇ ದಿವಾನ ಆದ. ಆ ಕೋಣೆಯಲ್ಲಿ ಒರಗಿ ಕೂರುತ್ತಿದ್ದ ಆಸನ ಈಗ ನಮ್ಮ ಹಜಾರದ ‘ದಿವಾನ್ ಕಾಟ್’. ಅರಬ್ಬರಲ್ಲಿ ‘ಕಾವ್ಯವೇ ಅರಬರ ದಿವಾನ್’ ಎಂಬ ಹಳೇ ಮಾತಿದೆ. ಅಂದರೆ ನಮ್ಮ ವಂಶ, ಯುದ್ಧ, ಪ್ರೀತಿ, ಜಗಳ ಎಲ್ಲದರ ದಾಖಲೆ ಪದ್ಯದಲ್ಲೇ ಇದೆ ಅಂತ. ಎರಡು ಅರ್ಥಗಳು ಕೂಡುವ ಜಾಗ ಇದೇ ಅಂತ ನನಗನ್ನಿಸುತ್ತದೆ.

(ಸಿನಿಮಾ ಹಾಡಿನ ‘ದೀವಾನಾ’ ಬೇರೆ. ಅದು ‘ದೇವ್’, ಅಂದರೆ ಭೂತ ಹಿಡಿದವನು. ಲೆಕ್ಕ ಹಾಕುತ್ತಾ ತಮ್ಮಷ್ಟಕ್ಕೆ ಗೊಣಗುತ್ತಿದ್ದ ಗುಮಾಸ್ತರನ್ನು ಕಂಡ ಪರ್ಷಿಯಾದ ದೊರೆ ‘ಇವರು ಹುಚ್ಚರು’ ಎಂದನಂತೆ, ಅದರಿಂದಲೇ ಕಚೇರಿಗೆ ಈ ಹೆಸರು ಬಂತಂತೆ. ಕತೆ ಸೊಗಸಾಗಿದೆ, ನಂಬಬೇಡಿ.)

ಪಂಡಿತರು ಪದವನ್ನು ಬಿಡಿಸುವುದು ಹೀಗೆ: ಹಳೇ ಇರಾನಿ ಭಾಷೆಯ ‘ದಿಪಿ’ ಅಂದರೆ ಬರಹ, ಅದನ್ನಿಡುವ ಮನೆ ದಿವಾನ್. ಈ ದಿಪಿ ನಮಗೂ ಹೊಸದಲ್ಲ. ಪೇಶಾವರದ ಕಡೆಯ ಶಹಬಾಜಗಢಿಯ ಅಶೋಕನ ಶಾಸನದಲ್ಲಿ ‘ಧರ್ಮಲಿಪಿ’ ಅನ್ನುವ ಕಡೆ ‘ದಿಪಿ’ ಅಂತಲೇ ಇದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರೇಣ’ ಎಂಬುದೊಂದನ್ನು ಮಾತ್ರ ಖರೋಷ್ಠಿಯಲ್ಲಿ, ಅಂದರೆ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಸರ್ಕಾರಿ ಕೆಲಸದ ಮೇಲೆ ಅಲ್ಲಿಂದ ಇಷ್ಟು ದೂರ ಬಂದವನಿರಬೇಕು, ತನ್ನ ಕಸುಬಿನ ಹೆಸರನ್ನು ಆ ಲಿಪಿಯಲ್ಲಿ ಬರೆದ. ಈ ಒಂದು ಪದ ನೋಡೋಕೇ ಮೊಳಕಾಲ್ಮೂರಿಗೆ ಹೋಗಬಹುದು.

ಈಗ ಖಲೀಲಿಗೆ ಬರೋಣ. ಈ ಮನುಷ್ಯನಿಗೆ ಪದದ ಎರಡೂ ಮುಖ ಬೇಕು, ನನ್ನ ಪಡಿಪಾಟಲು ಇರುವುದು ಅಲ್ಲೇ. ತಂದೆ ಮಿರ್ಜಾ ಮುಹಮ್ಮದ್ ಹುಸೇನ್ ಖಾನ್, ಅಫ್ಘಾನಿಸ್ತಾನದ ಆಗಿನ ದೊರೆ ಅಮೀರ್ ಹಬೀಬುಲ್ಲಾನ ಹಣಕಾಸಿನ ಮುಖ್ಯಸ್ಥರು. ಹುದ್ದೆಯ ಹೆಸರು ‘ಮುಸ್ತೌಫಿ’. ಬಾಕಿ ಉಳಿಯದಂತೆ ಪೂರ್ತಿ ಪಡೆಯುವವನು ಎಂದು ಅದರ ಅರ್ಥ. ಹಿಂದಿ ಹಾಡುಗಳಲ್ಲಿ ಕೇಳುವ ‘ವಫಾ’ ಇದೇ ಧಾತುವಿನಿಂದ ಬಂದದ್ದು. ಸಾವು ಎನ್ನುವ ‘ವಫಾತ್’ ಕೂಡ. 1919ರಲ್ಲಿ ಹಬೀಬುಲ್ಲಾನ ಕೊಲೆಯಾಯಿತು, ಮಗ ಅಮಾನುಲ್ಲಾ ಪಟ್ಟಕ್ಕೆ ಬಂದ, ಮುಸ್ತೌಫಿಯನ್ನು ಗಲ್ಲಿಗೇರಿಸಿದ. ಹುಡುಗನಿಗೆ ಹನ್ನೊಂದು ಹನ್ನೆರಡು ವರ್ಷ. ತಾಯಿ ಮೊದಲೇ ಇರಲಿಲ್ಲ. ಕಾಬೂಲಿನ ಉತ್ತರಕ್ಕಿರುವ ಶಮಾಲಿ ಬಯಲಿನಲ್ಲಿ ಹಳೇ ವಿದ್ವಾಂಸರ ಹತ್ತಿರ ಫಾರ್ಸಿ ಕಾವ್ಯ ಓದಿ ಪದ್ಯ ಕಟ್ಟಲು ಶುರು ಮಾಡಿದ.

ಆಮೇಲೆ ಬದುಕಿಡೀ ಕಚೇರಿ, ಕವಿತೆ, ಮತ್ತೆ ಕಚೇರಿ. ಬಂಧು ಅಬ್ದುಲ್ ರಹೀಮ್ ಖಾನ್ ಹೆರಾತಿನ ಗವರ್ನರ್ ಆದಾಗ ಅವರ ಜೊತೆ ಅಲ್ಲಿ ಹತ್ತು ವರ್ಷಕ್ಕೂ ಜಾಸ್ತಿ. 1940ರ ದಶಕದ ನಡುವೆ ಸಾಫಿ ಕುಲದವರು ದಂಗೆ ಎದ್ದರು. ಆ ಕುಲದವರೇ ಆದ್ದರಿಂದ ಇಬ್ಬರಿಗೂ ಸೆರೆಮನೆ. ಬಿಟ್ಟ ಮೇಲೂ ಕಂದಹಾರಕ್ಕೆ ಗಡೀಪಾರು. 1950ರ ದಶಕದಲ್ಲಿ ಕಾಬೂಲಿಗೆ ಮರಳಿ ಮಂತ್ರಿಯಾದರು, ಕಾಬೂಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು, ದೊರೆ ಜಾಹಿರ್ ಶಾಗೆ ಆಪ್ತರಾದರು. ಆಮೇಲೆ ಸೌದಿ ಅರೇಬಿಯಾ, ಇರಾಕ್‌ಗಳಲ್ಲಿ ರಾಯಭಾರಿ. 1978ರ ಏಪ್ರಿಲ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ಊರಿಗೆ ಹೋಗುವ ಹಾಗಿಲ್ಲ. ಜರ್ಮನಿ, ಅಮೆರಿಕ, ಕೊನೆಗೆ ಇಸ್ಲಾಮಾಬಾದ್. ಕೈಯಲ್ಲಿ ಹುದ್ದೆ ಇಲ್ಲದ ಈ ವರ್ಷಗಳಲ್ಲೇ, ಯುದ್ಧದ ಬಗ್ಗೆ ಅವರ ಖಾರವಾದ ಪದ್ಯಗಳು ಬಂದದ್ದು. ಪೇಶಾವರದಲ್ಲಿ, ಪಶ್ತೋ ಕವಿ ರೆಹಮಾನ್ ಬಾಬಾನ ಗೋರಿಯ ಪಕ್ಕ ಮಣ್ಣು ಮಾಡಿದರು. 2012ರಲ್ಲಿ ಅಲ್ಲಿಂದ ತೆಗೆದು ಕಾಬೂಲ್ ವಿಶ್ವವಿದ್ಯಾಲಯದ ಆವರಣಕ್ಕೆ ತಂದರು.

ಅಂದರೆ ಒಂದು ದಿವಾನ್ ತಂದೆಯನ್ನು ನುಂಗಿತು, ಇನ್ನೊಂದು ದಿವಾನ್ ಮಗನಿಗೆ ಉಳಿಯಿತು. ಫಾರ್ಸಿ ಓದುಗನಿಗೆ ಇದನ್ನು ವಿವರಿಸಬೇಕಿಲ್ಲ. ಕನ್ನಡಕ್ಕೆ ಪದದ ಅರ್ಧ ಮಾತ್ರ ಬಂದಿದೆ. ದಿವಾನ, ದಿವಾನಖಾನೆ, ದಿವಾನಿ ದಾವೆ, ಎಲ್ಲಾ ಕಚೇರಿಯ ಕಡೆಯವೇ. ಕವಿತೆಯ ಅರ್ಧ ದಾರಿಯಲ್ಲೇ ಉಳಿದುಬಿಟ್ಟಿತು.

ಹಾಗಾದರೆ ಏನು ಬರೆಯಲಿ? ‘ಕವನ ಸಂಕಲನ’ ಅಂದರೆ ನಲವತ್ತು ಪದ್ಯದ ತೆಳು ಪುಸ್ತಕ ಅನಿಸುತ್ತದೆ. ‘ಸಮಗ್ರ ಕಾವ್ಯ’ ಸರಿ, ಆದರೆ ಸಪ್ಪೆ. ನನಗೆ ಆಸೆ ಇರುವುದು ‘ಕಡತ’ದ ಮೇಲೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಕಪ್ಪಗೆ ಮಾಡಿ, ಮಡಿಕೆ ಹಾಕಿ, ಬಳಪದಲ್ಲಿ ಬರೆಯುತ್ತಿದ್ದ ಹಳೇ ಕಡತದಲ್ಲಿ ಲೆಕ್ಕವೂ ಇರುತ್ತಿತ್ತು, ಬೇರೆ ಬರಹವೂ ಇರುತ್ತಿತ್ತು. ಈಗ ಅದು ಬರೀ ಆಫೀಸಿನ ಫೈಲು. ‘ಖಲೀಲಿಯ ಕಡತ’ ಅಂತ ಬರೆದು ಮನೆಯವರಿಗೆ ಓದಿ ಹೇಳಿದೆ. ‘ಪೊಲೀಸರದ್ದಾ?’ ಅಂದರು.

ಇನ್ನೊಂದು ಸಣ್ಣ ತಕರಾರು. ಅವರನ್ನು ಅಲ್ಲಿ ‘ಉಸ್ತಾದ್ ಖಲೀಲಿ’ ಅನ್ನುತ್ತಾರೆ, ಮೇಷ್ಟ್ರು ಎಂಬ ಗೌರವದಲ್ಲಿ. ನಮಗೆ ಉಸ್ತಾದ್ ಅಂದರೆ ಸಂಗೀತಗಾರ, ಇಲ್ಲವೇ ಗರಡಿಮನೆಯವನು. ‘ಖಲೀಲಿ ಮೇಷ್ಟ್ರು’ ಎಂದೇ ಬರೆದಿದ್ದೇನೆ. ಇದನ್ನು ಮಾತ್ರ ಯಾರು ಹೇಳಿದರೂ ಬದಲಾಯಿಸುವುದಿಲ್ಲ.

ಬೀದರ್, ಕಲಬುರಗಿ, ವಿಜಯಪುರದ ಕಡೆಯವರು ಹೇಳಬೇಕು: ಉರ್ದು ಶಾಯಿರಿ ಕೇಳಿ ಬೆಳೆದವರು ಕನ್ನಡ ಮಾತಾಡುವಾಗ ಕವಿಯ ದಿವಾನಿಗೆ ಏನನ್ನುತ್ತಾರೆ? ಹಾಗೇ ‘ದಿವಾನ್’ ಎಂದು ಅರ್ಧಾಕ್ಷರದಲ್ಲಿ ನಿಲ್ಲಿಸಿದರೆ ಮಂತ್ರಿಯಿಂದ ಬೇರೆ ಅಂತ ಗೊತ್ತಾಗುತ್ತದಾ? ಪೆನ್ಸಿಲ್ ಗುರುತಿನ ಕರಡು ಇನ್ನೂ ನನ್ನ ಮೇಜಿನ ಮೇಲೇ ಇದೆ.