ಫಾಸ್ಟಿಂಗ್ 94, ಉಳಿದೆರಡು ನಾರ್ಮಲ್: ಇದು ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಯೇ?

ಏಳನೇ ತಿಂಗಳು:
26ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡಿದ ಟೆಸ್ಟ್‌ನ ರಿಪೋರ್ಟ್ ಬಂದಿದೆ. ಖಾಲಿ ಹೊಟ್ಟೆಯಲ್ಲಿ 94, ಒಂದು ಗಂಟೆಗೆ 171, ಎರಡು ಗಂಟೆಗೆ 138. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.2. ಪಕ್ಕದಲ್ಲಿ ಅಚ್ಚಾಗಿರುವ ಫಾಸ್ಟಿಂಗ್ ರೇಂಜ್ 70–100, ಹಾಗಾಗಿ ಎಲ್ಲೂ ಕೆಂಪು ಗುರುತಿಲ್ಲ. ಆದರೂ ಡಾಕ್ಟರು ಜಿಡಿಎಂ (ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ) ಎಂದು ಬರೆದು, ದಿನಕ್ಕೆ ನಾಲ್ಕು ಸಲ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಿ ಎಂದಿದ್ದಾರೆ. ಮೂರರಲ್ಲಿ ಎರಡು ಹೆಚ್ಚಿದ್ದರೆ ಮಾತ್ರ ಲೆಕ್ಕ ಅಂತ ಕೆಲವರು ಹೇಳುತ್ತಾರೆ. ಟೆಸ್ಟ್ ಮತ್ತೊಮ್ಮೆ ಮಾಡಿಸಬೇಕೆ? ಊಟದಲ್ಲಿ ಏನು ಬದಲಿಸಬೇಕು?

ಲ್ಯಾಬ್ ಮೇಜು:
ಆ 70–100 ಬಸುರಿಯಲ್ಲದವರ ರೇಂಜ್, ಅದನ್ನು ಬಿಟ್ಟುಬಿಡಿ. ಬಸುರಿನಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸಹಜವಾಗಿಯೇ ಕೆಳಗಿರುತ್ತದೆ, ಅದಕ್ಕೆ ಗೆರೆಯೂ ಕೆಳಗಿದೆ. 75 ಗ್ರಾಂ ಟೆಸ್ಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿಕೊಂಡ ಗೆರೆಗಳು: ಖಾಲಿ ಹೊಟ್ಟೆ 92, ಒಂದು ಗಂಟೆ 180, ಎರಡು ಗಂಟೆ 153. ಯಾವುದಾದರೂ ಒಂದು ಮುಟ್ಟಿದರೆ ಸಾಕು, ಜಿಡಿಎಂ. ‘ಎರಡು ಹೆಚ್ಚಿರಬೇಕು’ ಎನ್ನುವುದು 100 ಗ್ರಾಂ ಕುಡಿಸಿ ಮೂರು ಗಂಟೆ ಕೂರಿಸುವ ಬೇರೆ ಟೆಸ್ಟ್‌ನ ನಿಯಮ. ಅದರ ಗೆರೆಗಳೂ ಬೇರೆ (95, 180, 155, 140). ಒಂದರ ಅಂಕಿಗೆ ಇನ್ನೊಂದರ ನಿಯಮ ಹಚ್ಚಬಾರದು.

ಎಚ್‌ಬಿಎ1ಸಿ 5.2 ಇದೆಯೆಂದು ನೆಮ್ಮದಿಪಡಬೇಡಿ. ಬಸುರಿನಲ್ಲಿ ಕೆಂಪು ರಕ್ತಕಣಗಳು ಬೇಗ ಬದಲಾಗುತ್ತವೆ, ಹಳೆಯ ಕಣಗಳು ಕಡಿಮೆ. ಹಾಗಾಗಿ ಅದು ಇರುವುದಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ. ಜಿಡಿಎಂ ಇಲ್ಲ ಎಂದು ಹೇಳಲು ಅದು ಸಾಲದು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಗೆ 200 ಬಂದಿದ್ದರೆ ಮಾತೇ ಬೇರೆ, ಆಗ ಬಸುರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದಿರಬಹುದು ಎಂದು ನೋಡುತ್ತಾರೆ. ನಿಮ್ಮದು ಅದಲ್ಲ.

ಮತ್ತೆ ಮಾಡಿಸುವುದು ಟೆಸ್ಟ್ ನಡೆದ ರೀತಿಯಲ್ಲೇ ತಪ್ಪಿದ್ದರೆ ಮಾತ್ರ. ಕನಿಷ್ಠ 8 ಗಂಟೆ ಉಪವಾಸ ಇರಬೇಕು. ಹಿಂದಿನ ಮೂರು ದಿನ ಮಾಮೂಲಿ ಊಟ ಮಾಡಿರಬೇಕು. ಟೆಸ್ಟ್‌ಗೆ ಹೆದರಿ ಅನ್ನ, ರೊಟ್ಟಿ ಬಿಟ್ಟವರಿಗೆ ಗ್ಲೂಕೋಸ್ ಕುಡಿದ ಮೇಲಿನ ಅಂಕಿ ಸುಳ್ಳೇ ಏರುತ್ತದೆ. ದ್ರಾವಣವನ್ನು ಐದು ನಿಮಿಷದೊಳಗೆ ಮುಗಿಸಬೇಕು, ಗಡಿಯಾರ ಮೊದಲ ಗುಟುಕಿನಿಂದ ಶುರು. ಮಧ್ಯೆ ಓಡಾಡಿದರೆ ಸಕ್ಕರೆ ಇಳಿಯುತ್ತದೆ, ವಾಂತಿಯಾದರೆ ಟೆಸ್ಟ್ ರದ್ದು.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ತೆಗೆದ ರಕ್ತ ಟ್ಯೂಬಿನಲ್ಲಿ ಸುಮ್ಮನೆ ಕೂತಿರುವುದಿಲ್ಲ, ಅದರ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಇಳಿಯುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಕೂಡ ಮೊದಲ ಒಂದೆರಡು ಗಂಟೆ ಇದನ್ನು ಪೂರ್ತಿ ತಡೆಯುವುದಿಲ್ಲ. ಅಂದರೆ ಸ್ಯಾಂಪಲ್ ತಡವಾಗಿದ್ದರೆ ನಿಜವಾದ ಅಂಕಿ 94ಕ್ಕಿಂತ ಹೆಚ್ಚೇ ಇದ್ದಿರಬಹುದು. ಎರಡು ಅಂಕಿ ತಾನೇ ಎಂದು ಅಲ್ಲಗಳೆಯಬೇಡಿ.

ಊಟದ ಅಳತೆ:
ಮೊದಲು ಗುರಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟದ ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗೆ ನೋಡುವುದಾದರೆ 120ರ ಒಳಗೆ. ಒಂದು ಗಂಟೆಯೋ ಎರಡು ಗಂಟೆಯೋ, ಒಂದನ್ನು ಹಿಡಿದು ಅದನ್ನೇ ಪಾಲಿಸಿ. ಲೆಕ್ಕ ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದಲ್ಲ. ಹಣ್ಣು ಹೆಚ್ಚಿದ ಬೆರಳನ್ನೇ ಚುಚ್ಚಿದರೆ ಮೀಟರ್ 40–50 ಹೆಚ್ಚು ತೋರಿಸಿದರೂ ಆಶ್ಚರ್ಯವಿಲ್ಲ; ಸೋಪು ಹಚ್ಚಿ ತೊಳೆದು, ಪೂರ್ತಿ ಒರೆಸಿ, ಬೆರಳಿನ ಪಕ್ಕಕ್ಕೆ ಚುಚ್ಚಿ. ರಕ್ತಹೀನತೆ ಇದ್ದರೂ ಮೀಟರ್ ಹೆಚ್ಚು ತೋರಿಸಬಹುದು, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಡಾಕ್ಟರಿಗೆ ನೆನಪಿಸಿ.

ಊಟದ ವಿಷಯದಲ್ಲಿ ಅತಿ ದೊಡ್ಡ ತಪ್ಪು ಹಿಟ್ಟಿನ ಪದಾರ್ಥವನ್ನೇ ಬಿಟ್ಟುಬಿಡುವುದು. ಬಸುರಿಗೆ ದಿನಕ್ಕೆ ಕನಿಷ್ಠ 175 ಗ್ರಾಂ ಕಾರ್ಬೋಹೈಡ್ರೇಟ್, 71 ಗ್ರಾಂ ಪ್ರೋಟೀನ್, 28 ಗ್ರಾಂ ನಾರಿನಂಶ ಬೇಕು. ಕಾರ್ಬೋಹೈಡ್ರೇಟನ್ನು ಅದಕ್ಕಿಂತ ಇಳಿಸಿದರೆ ಮೀಟರಿನ ಅಂಕಿ ಚೆನ್ನಾಗಿ ಕಾಣುತ್ತದೆ, ಆದರೆ ದೇಹ ಕೊಬ್ಬು ಕರಗಿಸಿ ಕೀಟೋನ್ ಹುಟ್ಟಿಸುತ್ತದೆ, ತೂಕ ಏರುವುದು ನಿಲ್ಲುತ್ತದೆ. ಮಗುವಿಗೆ ಅದು ಒಳ್ಳೆಯದಲ್ಲ. ಬಿಡುವುದಕ್ಕಿಂತ ಹಂಚುವುದು ಮುಖ್ಯ: ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ.

ಬೆಳಗಿನ ತಿಂಡಿ ಎಲ್ಲಕ್ಕಿಂತ ಕಷ್ಟದ್ದು. ಆ ಹೊತ್ತಿಗೆ ಕಾರ್ಟಿಸೋಲ್ ಹೆಚ್ಚಿದ್ದು ಇನ್ಸುಲಿನ್ ಮಾತು ನಡೆಯುವುದಿಲ್ಲ. ಮಧ್ಯಾಹ್ನ 45 ಗ್ರಾಂ ಕಾರ್ಬೋಹೈಡ್ರೇಟ್ ತಡೆದುಕೊಳ್ಳುವವರಿಗೂ ಬೆಳಗ್ಗೆ 30 ಗ್ರಾಂ ಭಾರವಾಗಬಹುದು. ಆದ್ದರಿಂದ ಬೆಳಗ್ಗೆ 15–30 ಗ್ರಾಂಗೆ ನಿಲ್ಲಿಸಿ, ಜೊತೆಗೆ ಮೊಟ್ಟೆ, ಕಾಳು ಅಥವಾ ಮೊಸರು ಇರಲಿ. ಹಣ್ಣಿನ ರಸ ಬೇಡವೇ ಬೇಡ, ಹಣ್ಣನ್ನು ಹತ್ತು–ಹತ್ತೂವರೆಗೆ ದೂಡಿ. ಊಟವಾದ ಮೇಲೆ 10–15 ನಿಮಿಷ ನಡೆದರೆ ಒಂದು ಗಂಟೆಯ ಅಂಕಿ ಇಳಿಯುತ್ತದೆ. ನಡೆಯಬೇಡಿ ಎಂದು ಡಾಕ್ಟರು ಹೇಳಿಲ್ಲ ತಾನೇ, ಅದನ್ನು ಕೇಳಿಕೊಂಡು ಶುರು ಮಾಡಿ.

ಬರೀ ಅಂಕಿ ಬರೆದರೆ ಸಾಲದು. ಏನು, ಎಷ್ಟು ತಿಂದಿರಿ ಎಂಬುದೂ ಪಕ್ಕದಲ್ಲಿರಲಿ. ಅದಿಲ್ಲದೆ 152 ಏಕೆ ಬಂತೆಂದು ಯಾರೂ ಹೇಳಲಾರರು.

ಏಳನೇ ತಿಂಗಳು:
ಪಥ್ಯ ಹಿಡಿದ ಮೇಲೆ ಊಟದ ಒಂದು ಗಂಟೆಯ ಅಂಕಿ 112–131ರೊಳಗೆ ನಿಂತಿದೆ. ಬೆಳಗಿನದು ಮಾತ್ರ 96ರಿಂದ 101, ಇಳಿಯುತ್ತಲೇ ಇಲ್ಲ. ರಾತ್ರಿ ಊಟ ಬಿಟ್ಟರೆ ಇಳಿದೀತೆ?

ಹೆರಿಗೆ ವಾರ್ಡ್:
ದಯವಿಟ್ಟು ಬಿಡಬೇಡಿ. ಬೆಳಗಿನ ಸಕ್ಕರೆ ರಾತ್ರಿ ತಿಂದದ್ದರಿಂದ ಬರುವುದು ಕಡಿಮೆ, ಲಿವರ್ ರಾತ್ರಿಯಿಡೀ ಬಿಡುಗಡೆ ಮಾಡಿದ್ದರಿಂದ ಬರುವುದೇ ಹೆಚ್ಚು. ಅದನ್ನು ಹತೋಟಿಯಲ್ಲಿಡಬೇಕಾದ ಇನ್ಸುಲಿನ್‌ಗೆ ಮಾಸಿನ ಹಾರ್ಮೋನುಗಳು ಅಡ್ಡಬರುತ್ತವೆ. ಮಲಗುವ ಮುಂಚೆ 15 ಗ್ರಾಂನಷ್ಟು ಕಾರ್ಬೋಹೈಡ್ರೇಟ್, ಜೊತೆಗೆ ಸ್ವಲ್ಪ ಪ್ರೋಟೀನ್ ತಿಂದು, ಬೆಳಗಿನ ಚುಚ್ಚುವಿಕೆಗೆ 8–10 ಗಂಟೆ ಅಂತರ ಇಟ್ಟು ನೋಡಿ. ಕೆಲವರಿಗೆ ಅಷ್ಟರಲ್ಲೇ ಸರಿಹೋಗುತ್ತದೆ.

ಹೋಗದಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ಅಂಕಿಗಳನ್ನು ತೋರಿಸಿ. ಫಾಸ್ಟಿಂಗ್ ಮಾತ್ರ ಹಟ ಹಿಡಿದಾಗ ಸಾಮಾನ್ಯವಾಗಿ ಮಲಗುವ ಹೊತ್ತಿಗೆ ಒಂದು ಮಧ್ಯಮ ಅವಧಿಯ ಇನ್ಸುಲಿನ್ ಸಾಕಾಗುತ್ತದೆ. ಇನ್ಸುಲಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ ಎನ್ನಬಹುದು. ಮೆಟ್‌ಫಾರ್ಮಿನ್ ಮಾತ್ರೆ ದಾಟುತ್ತದೆ. ಚುಚ್ಚುಮದ್ದಿನ ಹೆಸರಿಗೇ ಹೆದರುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಡೋಸ್ ಮುಂದೆ ಏರಬಹುದು, ಅದು ನಿಮ್ಮ ಪಥ್ಯದ ತಪ್ಪಲ್ಲ, ಮಾಸು ಬೆಳೆದಂತೆ ಅಡ್ಡಿಯೂ ಬೆಳೆಯುತ್ತದೆ. ಇನ್ಸುಲಿನ್ ಶುರುವಾದ ಮೇಲೆ ನಡುಕ, ಬೆವರು ಬಂದು ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷಕ್ಕೆ ಮತ್ತೆ ನೋಡಬೇಕು.

ಎರಡು ಎಚ್ಚರಿಕೆ. ಕೊನೆಯ ವಾರಗಳಲ್ಲಿ ಇನ್ಸುಲಿನ್ ಬೇಡಿಕೆ ಇದ್ದಕ್ಕಿದ್ದಂತೆ ಕುಸಿದು ಸಕ್ಕರೆ ಮೇಲಿಂದ ಮೇಲೆ ಇಳಿಯತೊಡಗಿದರೆ ಖುಷಿಪಡದೆ ಅಂದೇ ಫೋನ್ ಮಾಡಿ, ಮಾಸಿನ ಕೆಲಸ ಕುಗ್ಗಿರಬಹುದು. ಮಗುವಿನ ಅಲುಗಾಟ ಕಡಿಮೆಯಾದರೆ ಫೋನ್ ಕೂಡ ಬೇಡ, ನೇರ ಆಸ್ಪತ್ರೆಗೆ. ಅವಧಿಗೆ ಮುಂಚೆ ಹೆರಿಗೆಯಾಗುವ ಸೂಚನೆಯಿಂದ ಮಗುವಿನ ಶ್ವಾಸಕೋಶಕ್ಕೆಂದು ಸ್ಟಿರಾಯ್ಡ್ ಕೊಟ್ಟರೆ ಕೆಲವು ದಿನ ಸಕ್ಕರೆ ಜೋರಾಗಿ ಏರುತ್ತದೆ, ಅದನ್ನೂ ತಿಳಿದಿರಿ.

95ರ ಹಟ ಏಕೆಂದರೆ, ತಾಯಿಯ ಹೆಚ್ಚುವರಿ ಸಕ್ಕರೆ ಮಾಸು ದಾಟುತ್ತದೆ, ಮಗು ತನ್ನದೇ ಇನ್ಸುಲಿನ್ ಹೆಚ್ಚು ಮಾಡುತ್ತದೆ, ಹೊಟ್ಟೆ ಮತ್ತು ಭುಜದ ಸುತ್ತ ಕೊಬ್ಬು ಕೂಡುತ್ತದೆ. ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಅಪಾಯ ಅಲ್ಲಿಂದ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ನಿಲ್ಲುತ್ತದೆ, ಇನ್ಸುಲಿನ್ ನಿಲ್ಲುವುದಿಲ್ಲ; ಮೊದಲ ಗಂಟೆಗಳಲ್ಲಿ ಮಗುವಿನ ಸಕ್ಕರೆ ಕುಸಿಯುವುದು ಹೀಗೆ. ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಿ, ಮುಂದೆ ಎರಡು ಮೂರು ಗಂಟೆಗೊಮ್ಮೆ ಊಡಿಸುತ್ತಿರಿ. ಹಿಮ್ಮಡಿಯಿಂದ ರಕ್ತ ತೆಗೆದು ನೋಡುತ್ತಾರೆ, ಗಾಬರಿ ಬೇಡ.

ಲ್ಯಾಬ್ ಮೇಜು:
ಹೆರಿಗೆಯ ಮರುದಿನವೇ ಅಂಕಿ ಸರಿಹೋಯಿತೆಂದು ಫೈಲ್ ಮುಚ್ಚಿಡುವವರೇ ಹೆಚ್ಚು. ಬಾಣಂತನದ 4ರಿಂದ 12ನೇ ವಾರದೊಳಗೆ 75 ಗ್ರಾಂ ಟೆಸ್ಟ್ ಮತ್ತೆ ಆಗಲೇಬೇಕು. ಆಗ ಬಸುರಿನ ಗೆರೆಗಳಲ್ಲ: ಖಾಲಿ ಹೊಟ್ಟೆ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಸಕ್ಕರೆ ಕಾಯಿಲೆ, 100–125 ಅಥವಾ 140–199 ಇದ್ದರೆ ಅಂಚಿನಲ್ಲಿದ್ದೀರಿ ಎಂದರ್ಥ. ಸರಿಯಾಗಿದ್ದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸಿ. ಮುಂದಿನ ಬಸುರಿನಲ್ಲಿ 24ನೇ ವಾರಕ್ಕೆ ಕಾಯಬೇಡಿ, ಮೊದಲ ಭೇಟಿಯಲ್ಲೇ ಹಿಂದೆ ಜಿಡಿಎಂ ಇತ್ತೆಂದು ಹೇಳಿ.