ರೆಸಲ್ಯೂಷನ್ ಇಳಿಸಬೇಡಿ ದೊಡ್ಡಪ್ಪ, ಸ್ಕೇಲ್ ಏರಿಸಿ

ದೊಡ್ಡಪ್ಪ, ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ಹೊಸ 27 ಇಂಚಿನ 4ಕೆ ಮಾನಿಟರ್ ತಂದಿರಿ, ಅಕ್ಷರವೆಲ್ಲ ಇರುವೆ ಸಾಲಿನ ಹಾಗೆ ಕಂಡಿತು. ರೆಸಲ್ಯೂಷನ್ (ಪರದೆಗೆ ಕಳಿಸುವ ಚಿತ್ರದ ಚುಕ್ಕೆಗಳ ಲೆಕ್ಕ) ಇಳಿಸಿ ಅಂತ ಇಲ್ಲೇ ಯಾರೋ ಹೇಳಿದರು, ಇಳಿಸಿದಿರಿ. ಈಗ ಅಕ್ಷರ ದೊಡ್ಡದಾಗಿದೆ, ಆದರೆ ಮಸುಕು ಮಸುಕು. ಕನ್ನಡಕದ ನಂಬರ್ ಬದಲಾಯಿತೇನೋ ಅಂತ ಬೇರೆ ಕೇಳಿದ್ದೀರಿ. ಕಣ್ಣು ಸರಿಯಾಗಿಯೇ ಇರಬಹುದು, ಮೊದಲು ಸೆಟ್ಟಿಂಗ್ ನೋಡೋಣ. ಸ್ವಲ್ಪ ಉದ್ದ ಆಗುತ್ತದೆ, ನಿಧಾನವಾಗಿ ಕೇಳಿ.

ವಿಂಡೋಸ್ ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಮೌಸ್‌ನ ಬಲಗಡೆ ಬಟನ್ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ರೆಸಲ್ಯೂಷನ್ ಅನ್ನು ವಾಪಸ್ 3840 × 2160 ಮಾಡಿ, 4ಕೆ ಅಂದರೆ ಇದೇ. ಅದರ ಪಕ್ಕದಲ್ಲಿ ರೆಕಮೆಂಡೆಡ್ ಅಂತ ಇರುತ್ತದೆ. ಅಕ್ಷರ ಮತ್ತೆ ಚಿಕ್ಕದಾಗುತ್ತದೆ, ಗಾಬರಿ ಬೇಡ. ಅದೇ ಪುಟದಲ್ಲಿ ಸ್ಕೇಲ್ ಅಂತ ಇನ್ನೊಂದು ಸಾಲಿದೆ, ಅಕ್ಷರ, ಐಕಾನ್ ಎಲ್ಲ ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನುವುದು. ಅದನ್ನು 150 ಪರ್ಸೆಂಟ್ ಮಾಡಿ ನೋಡಿ.

ಎರಡಕ್ಕೂ ಏನು ವ್ಯತ್ಯಾಸ ಅಂದರೆ, ನಿಮ್ಮ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ. ರೆಸಲ್ಯೂಷನ್ 1920 × 1080ಕ್ಕೆ ಇಳಿಸಿದರೆ ಕಂಪ್ಯೂಟರ್ ಕಳಿಸುವುದು ಸುಮಾರು 21 ಲಕ್ಷ ಚುಕ್ಕೆಯ ಚಿತ್ರ ಮಾತ್ರ. ಅದನ್ನೇ ಪರದೆ ತುಂಬ ಹಿಗ್ಗಿಸಬೇಕಾಗುತ್ತದೆ, ಅಂಚೆಲ್ಲ ಕಲಸಿಹೋಗುತ್ತದೆ. ಸ್ಕೇಲ್ ಏರಿಸಿದರೆ ಹಿಗ್ಗಿಸುವ ಮಾತೇ ಇಲ್ಲ. ಕಂಪ್ಯೂಟರ್ ಅಕ್ಷರವನ್ನೇ ದೊಡ್ಡದಾಗಿ ಹೊಸದಾಗಿ ಬರೆಯುತ್ತದೆ, ಎಲ್ಲ ಚುಕ್ಕೆಗಳೂ ಕೆಲಸ ಮಾಡುತ್ತವೆ. ದುಡ್ಡು ಕೊಟ್ಟಿದ್ದೇ ಅದಕ್ಕೆ ಅಲ್ವಾ?

ಕನ್ನಡ ಓದುವವರಿಗೆ ಇದು ಇಂಗ್ಲಿಷಿಗಿಂತ ಜಾಸ್ತಿ ಮುಖ್ಯ ಅಂತ ನನ್ನ ಅಭಿಪ್ರಾಯ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಗೆರೆ. ಪ, ಷ ಕೂಡ ಹಾಗೇ, ಒಳಗೊಂದು ಗೆರೆ ಅಷ್ಟೇ. ‘ರಾಷ್ಟ್ರ’ ಅಂತ ಬರೆದರೆ ಷ ಕೆಳಗೆ ಎರಡು ಒತ್ತು ಬರಬೇಕು. ಚುಕ್ಕೆ ಕಡಿಮೆ ಇದ್ದರೆ ಅಲ್ಲಿ ಒಂದು ಕಪ್ಪು ಮುದ್ದೆ ಕಾಣುತ್ತದೆ. ನೀವು ದಿನಾ ಪಿಡಿಎಫ್‌ನಲ್ಲಿ ಹಳೆಯ ಪುಸ್ತಕ ಓದುವವರು, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಎಷ್ಟು ಪರ್ಸೆಂಟ್ ಇಡಬೇಕು? ವಿಂಡೋಸ್‌ನ 100 ಪರ್ಸೆಂಟ್ ಅಂದರೆ ಇಂಚಿಗೆ 96 ಚುಕ್ಕೆ ಅನ್ನುವ ಹಳೆಯ ಲೆಕ್ಕ. ನಿಮ್ಮ ಹಳೆಯ 24 ಇಂಚಿನ ಫುಲ್ ಎಚ್‌ಡಿ (1920 × 1080) ಮಾನಿಟರ್‌ನಲ್ಲಿ ಇಂಚಿಗೆ ಸುಮಾರು 92 ಚುಕ್ಕೆ ಇತ್ತು, ಅದಕ್ಕೇ ತೊಂದರೆ ಆಗಲಿಲ್ಲ. ಹೊಸದರಲ್ಲಿ ಸುಮಾರು 163. ಹಳೆಯದರಷ್ಟೇ ಗಾತ್ರದ ಅಕ್ಷರ ಬೇಕಾದರೆ 175 ಇಡಿ. ಎರಡು ಫೈಲ್ ಅಕ್ಕಪಕ್ಕ ಇಟ್ಟು ಕೆಲಸ ಮಾಡುವುದಾದರೆ 150 ಚೆನ್ನ. ಕಸ್ಟಮ್ ಸ್ಕೇಲಿಂಗ್‌ನಲ್ಲಿ 163, 168 ಅಂತ ಸುಮ್ನೆ ಕೈಯಾರೆ ಹಾಕಲು ಹೋಗಬೇಡಿ. ಅದು ಎಲ್ಲ ಪರದೆಗೂ ಒಂದೇ ಅಳತೆ ಹಾಕಿಬಿಡುತ್ತದೆ, ಸೈನ್ ಔಟ್ ಬೇರೆ ಮಾಡಬೇಕು.

ಬರೀ ಅಕ್ಷರ ಮಾತ್ರ ದೊಡ್ಡದಾಗಲಿ ಅಂದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ ಟೆಕ್ಸ್ಟ್ ಸೈಜ್ ಇದೆ, 225 ಪರ್ಸೆಂಟ್‌ವರೆಗೂ ಹೋಗುತ್ತದೆ. ದೊಡ್ಡಮ್ಮನಿಗೆ ಅದು ಬೇಕಾಗಬಹುದು.

ಇಷ್ಟಾದ ಮೇಲೂ ಒಂದೆರಡು ಪ್ರೋಗ್ರಾಂ ಮಸುಕಾಗಿಯೇ ಇರಬಹುದು. ನಿಮ್ಮ ಲೆಕ್ಕಪತ್ರದ ಆ ಹಳೆಯ ಸಾಫ್ಟ್‌ವೇರ್ ಮೇಲೆ ನನಗೆ ಅನುಮಾನ. ಇಂಥ ಪರದೆ ಬರುವ ಮೊದಲು ಬರೆದ ಪ್ರೋಗ್ರಾಂಗಳಿಗೆ ಸ್ಕೇಲ್ ಅಂದರೇನು ಅಂತಲೇ ಗೊತ್ತಿಲ್ಲ, ವಿಂಡೋಸೇ ಅವುಗಳ ಚಿತ್ರ ತೆಗೆದು ಹಿಗ್ಗಿಸಿ ತೋರಿಸುತ್ತದೆ. ಅದರ ಐಕಾನ್ ಮೇಲೆ ಬಲ ಬಟನ್ ಒತ್ತಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಆಮೇಲೆ ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಅಲ್ಲಿ ಕೆಳಗಿನ ಓವರ್‌ರೈಡ್ ಬಾಕ್ಸ್‌ಗೆ ಟಿಕ್ ಹಾಕಿ, ಸಿಸ್ಟಂ ಎನ್‌ಹ್ಯಾನ್ಸ್‌ಡ್ ಆರಿಸಿ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಿರಿ. ಎಲ್ಲದಕ್ಕೂ ಇದು ನಡೆಯುವುದಿಲ್ಲ. ಕಿಟಕಿ ಅಡ್ಡಾದಿಡ್ಡಿ ಆದರೆ ಟಿಕ್ ತೆಗೆದುಬಿಡಿ.

ಅಕ್ಕ, ನಿನ್ನ ಉಬುಂಟುವಿನಲ್ಲೂ ಸೆಟ್ಟಿಂಗ್ಸ್ ಒಳಗೆ ಡಿಸ್‌ಪ್ಲೇಸ್‌ನಲ್ಲೇ ಸ್ಕೇಲ್ ಇದೆ. 100, 200 ಮಾತ್ರ ಕಂಡರೆ ಫ್ರ್ಯಾಕ್ಷನಲ್ ಸ್ಕೇಲಿಂಗ್ ಆನ್ ಮಾಡು, ನಡುವಿನ ಅಳತೆಗಳೂ ಸಿಗುತ್ತವೆ.

ದೊಡ್ಡಪ್ಪ, ರೆಸಲ್ಯೂಷನ್ ಏರಿಸಿದ ಮೇಲೆ ಮೌಸ್ ಎಳೆದೆಳೆದು ಬಂದ ಹಾಗೆ ಅನಿಸಿದರೆ ಅದು ಸ್ಕೇಲ್‌ನ ತಪ್ಪಲ್ಲ. ಮಾನಿಟರ್ ಕೇಬಲ್ ಸಿಕ್ಕಿಸುವ ಪೋರ್ಟ್ ಹಳೆಯ ಎಚ್‌ಡಿಎಂಐ 1.4ರ ಕಾಲದ್ದಾದರೆ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೇ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದು ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬರುತ್ತದೆ ಅನ್ನುವುದು) ಎಷ್ಟಿದೆ ಅಂತ ಫೋಟೋ ಹಾಕಿ. ಸಿಪಿಯು ಹಿಂಬದಿಯ ಫೋಟೋನೂ ಬೇಕು, ಡಿಸ್‌ಪ್ಲೇ ಪೋರ್ಟ್ ಅನ್ನುವ ಇನ್ನೊಂದು ಬಗೆಯ ಪೋರ್ಟ್ ಇದ್ದರೆ ಅದಕ್ಕೇ ಕೇಬಲ್ ತರೋಣ.